ಆಪ್ಲೆಟ್ಟಿಗೆ ಕಾಣದ ಕುಕಿ

ಎಚ್‌ಟಿಟಿಪಿ ಪದ್ಧತಿಯಲ್ಲಿ ಸರ್ವರಿಗೆ ಹಿಂದಿನದರ ನೆನಪಿರುವುದಿಲ್ಲ. ಪ್ರತಿಯೊಂದು ಕೋರಿಕೆಯೂ ಅದಕ್ಕೆ ಅಪರಿಚಿತನದೇ. ಈ ಕೊರತೆಯನ್ನು ನೀಗಲೆಂದು 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿ ಅವರು ಕುಕಿಯನ್ನು ರೂಪಿಸಿದರು. ಗುರುತು ಹೇಳಿ ಒಳಬಂದವನಿಗೆ ಸರ್ವರು ಕೊಡುವ ಚೀಟಿಯಿದು. ಬ್ರೌಸರು ಪ್ರತಿ ಕೋರಿಕೆಯೊಡನೆ ಅದನ್ನು ಮರಳಿ ತೋರಿಸುವುದು.

1995ರಲ್ಲಿ ಬಂದ ಜಾವಾ ಆಪ್ಲೆಟ್ ಪುಟದೊಳಗೆ ಕಾಣಿಸಿಕೊಂಡರೂ, ಅದನ್ನು ನಡೆಸುತ್ತಿದ್ದುದು ಜಾವಾ ಪ್ಲಗ್‌ಇನ್. ಚೀಟಿಯಿದ್ದುದು ಬ್ರೌಸರಿನ ಬಳಿ. ಅದನ್ನು ಕೇಳಿ ಪಡೆಯುವ ಮಾರ್ಗವು ಬ್ರೌಸರಿನಿಂದ ಬ್ರೌಸರಿಗೆ ಭಿನ್ನವಾಗಿದ್ದಿತು. ಆದುದರಿಂದಲೇ ಒಂದರಲ್ಲಿ ಸುಗಮವಾಗಿ ನಡೆದ ಆಪ್ಲೆಟ್ ಇನ್ನೊಂದರಲ್ಲಿ ಬಳಕೆದಾರನನ್ನು ಪುನಃ ಪ್ರವೇಶದ ಪುಟಕ್ಕೆ ಅಟ್ಟುತ್ತಿದ್ದಿತು. ಅರ್ಧ ತುಂಬಿದ ಅರ್ಜಿ ವ್ಯರ್ಥವಾಗುತ್ತಿದ್ದಿತು. 2002ರಲ್ಲಿ ಮೈಕ್ರೋಸಾಫ್ಟ್ ತಂದ 'ಎಚ್‌ಟಿಟಿಪಿ ಓನ್ಲಿ' ಎಂಬ ಗುರುತು ಕುಕಿಯನ್ನು ಪುಟದ ಸ್ಕ್ರಿಪ್ಟುಗಳಿಂದ ಮರೆಮಾಡಿತು. ಕೆಲವೆಡೆ ಆಪ್ಲೆಟ್ಟಿಗೂ ಅದು ಕಾಣದಾಯಿತು.

ದೋಷವನ್ನು ಅರಿಯುವ ಕ್ರಮ ಸರಳವಾದುದು. ಪುಟದ ಕೋರಿಕೆಯನ್ನೂ ಆಪ್ಲೆಟ್ಟಿನ ಕೋರಿಕೆಯನ್ನೂ ಸರ್ವರಿನಲ್ಲಿ ಹೋಲಿಸಿ ನೋಡಬೇಕು. ಎರಡನೆಯದರಲ್ಲಿ ಕುಕಿಯೇ ಇಲ್ಲದಿದ್ದರೆ ಚೀಟಿ ತಲುಪಿಲ್ಲ. ಬೇರೆ ಕುಕಿಯಿದ್ದರೆ ಸರ್ವರು ಹೊಸ ಸೆಷನ್ ತೆರೆದಿದೆ. ಅದೇ ಇದ್ದರೆ ಸೆಷನ್ನಿನ ಅವಧಿ ತೀರಿರಬಹುದು.

ಸೆಷನ್ನಿನ ಗುರುತನ್ನು ವಿಳಾಸದಲ್ಲಿ ಸೇರಿಸಿ ಕಳುಹಿಸುವುದು ಒಂದು ಉಪಾಯ. ಆದರೆ ವಿಳಾಸಗಳು ಸರ್ವರಿನ ದಾಖಲೆಗಳಲ್ಲಿ ಉಳಿಯುವುವು. ಕಂಡವನು ಅದನ್ನು ಬಳಸಿಕೊಂಡಾನು. ಮರೆಯನ್ನು ತೆಗೆದುಹಾಕಿದರೆ ಕದಿಯುವ ಸ್ಕ್ರಿಪ್ಟುಗಳಿಗೆ ದಾರಿಯಾಗುವುದು. ಅಲ್ಪಾವಧಿಯ, ಒಮ್ಮೆ ಮಾತ್ರ ಸಲ್ಲುವ ಬೇರೊಂದು ಚೀಟಿಯನ್ನು ಪುಟದ ಮೂಲಕ ಆಪ್ಲೆಟ್ಟಿಗೆ ಕೊಡುವುದೇ ಕ್ಷೇಮ.

2015ರಲ್ಲಿ ಕ್ರೋಮ್, 2017ರಲ್ಲಿ ಫೈರ್‌ಫಾಕ್ಸ್ ಜಾವಾ ಪ್ಲಗ್‌ಇನ್ನನ್ನು ಕೈಬಿಟ್ಟವು. ಆಪ್ಲೆಟ್ಟುಗಳ ಕಾಲ ಮುಗಿಯಿತು. ಆದರೂ ಒಂದೇ ಸೆಷನ್ನನ್ನು ಎರಡು ತಂತ್ರಾಂಶಗಳು ಹಂಚಿಕೊಳ್ಳುವೆಡೆಯಲ್ಲೆಲ್ಲ, ಚೀಟಿ ಯಾರ ಬಳಿಯಿದೆಯೆಂಬುದನ್ನೇ ಮೊದಲು ವಿಚಾರಿಸಬೇಕು.