ಹಿಡಿತವಿದ್ದಷ್ಟೇ ಓಟ

2020ರ ಆಗಸ್ಟ್ 29, ಶನಿವಾರ. ಬೆಲ್ಜಿಯಂನ ಸ್ಪಾ-ಫ್ರಾಂಕೋರ್‌ಶಾಂ ಟ್ರ್ಯಾಕಿನಲ್ಲಿ ಲೂಯಿಸ್ ಹ್ಯಾಮಿಲ್ಟನ್ ತಮ್ಮ ಮರ್ಸಿಡಿಸ್ ಕಾರನ್ನು ಒಂದು ಸುತ್ತು ಓಡಿಸಿದರು. ದಾರಿ 7.004 ಕಿಲೋಮೀಟರ್, ಹಿಡಿದ ಸಮಯ 1 ನಿಮಿಷ 41.252 ಸೆಕೆಂಡ್. ಆರ್ಡೆನ್ ಕಾಡಿನ ಗುಡ್ಡಗಳನ್ನು ಹತ್ತಿ, ಕಣಿವೆಗೆ ಇಳಿದು, 19 ತಿರುವುಗಳನ್ನು ದಾಟಿ ಬಂದ ಮೇಲೂ ಸರಾಸರಿ ವೇಗ ಗಂಟೆಗೆ 249 ಕಿಲೋಮೀಟರ್!

ಇಂಥ ಸಂಖ್ಯೆ ಕಂಡಾಗ ಮೊದಲು ಹೊಳೆಯುವುದು ಎಂಜಿನ್ನಿನ ಕಸುವು, ಆಮೇಲೆ ಚಾಲಕನ ಎದೆಗಾರಿಕೆ. ಎರಡೂ ಬೇಕು, ನಿಜ. ಆದರೆ ಆ 101 ಸೆಕೆಂಡುಗಳನ್ನು ತಿರುವು ತಿರುವಾಗಿ ಬಿಡಿಸಿ ನೋಡಿದರೆ ಕಾಣುವುದು ಸಂಬಳದ ದುಡ್ಡಿನಲ್ಲಿ ತಿಂಗಳು ತೂಗಿಸುವವರ ಜಾಣ್ಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವಲ್ಲ, ವೇಗದ ಸುತ್ತಿನ ವಿಜ್ಞಾನವೆಲ್ಲ ಆ ಗಾದೆಯಲ್ಲೇ ಇದೆ. ಇಲ್ಲಿ ಹಾಸಿಗೆ ಎಂದರೆ ಟೈರಿಗೂ ರಸ್ತೆಗೂ ನಡುವಿನ ಹಿಡಿತ.

ಆ ವರ್ಷದ ಫಾರ್ಮುಲಾ ಒನ್ ಕಾರಿನ ಮುಂದಿನ ಟೈರು 305 ಮಿಲಿಮೀಟರ್ ಅಗಲ, ಹಿಂದಿನದು 405. ನೋಡಲು ದೈತ್ಯ ಗಾತ್ರ. ಆದರೂ ನೆಲಕ್ಕೆ ತಾಗುವ ರಬ್ಬರನ್ನಷ್ಟೇ ಲೆಕ್ಕ ಹಿಡಿದರೆ, ನಾಲ್ಕೂ ಚಕ್ರದ್ದು ಸೇರಿ ಹೆಚ್ಚುಕಡಿಮೆ ದಿನಪತ್ರಿಕೆಯ ಒಂದು ಪುಟದಷ್ಟಾದೀತು. ಕಾರು ಮುನ್ನುಗ್ಗುವುದು, ನಿಲ್ಲುವುದು, ತಿರುಗುವುದು ಮೂರೂ ಆ ಒಂದು ಪುಟದ ಮೇಲೆಯೇ ನಡೆಯಬೇಕು. ಮೂರಕ್ಕೂ ಬೇರೆ ಬೇರೆ ಗಂಟು ಇಲ್ಲ. ಇರುವ ಹಿಡಿತವನ್ನೆಲ್ಲ ಬ್ರೇಕಿಗೆ ಸುರಿದರೆ ತಿರುಗಲು ಏನೂ ಉಳಿಯದು. ತಿರುವಿಗೇ ಪೂರ್ತಿ ಖರ್ಚಾಗಿದ್ದಾಗ ಎಂಜಿನ್ನಿಗೆ ಇಷ್ಟೇ ಇಷ್ಟು ಹೆಚ್ಚು ಕೊಟ್ಟರೂ ಹಿಂದಿನ ಚಕ್ರ ಜಾರುತ್ತದೆ. ಹಾಗೆಂದು ಒಂದಿಷ್ಟು ಉಳಿಸಿಟ್ಟುಕೊಂಡರೆ ಸಮಯ ಹೋಯಿತು. ಇದ್ದುದನ್ನೆಲ್ಲ ಬಳಸಬೇಕು, ಸಾಲ ಮಾತ್ರ ಮಾಡಬಾರದು. ವೇಗದ ಚಾಲಕರ ಕಸುಬು ಇದೇ.

ತಿರುವಿನಲ್ಲಿ ಈ ಖರ್ಚು ಎಷ್ಟೆಂದು ನಿಂತು ಪ್ರಯಾಣ ಮಾಡಿದವರಿಗೆ ಗೊತ್ತು. ಘಾಟಿಯ ತಿರುವಿನಲ್ಲಿ ಬಸ್ಸು ನಿಧಾನವಾಗಿ ಹೊರಳಿದರೆ ಕಂಬಿಯನ್ನು ಬೆರಳಲ್ಲಿ ಹಿಡಿದರೂ ಸಾಕು. ಅದೇ ತಿರುವನ್ನು ಎರಡರಷ್ಟು ವೇಗದಲ್ಲಿ ತೆಗೆದುಕೊಂಡರೆ ದೇಹವನ್ನು ಹೊರಗೆ ಎಸೆಯುವಂತೆ ಕಾಣುವ ಬಲ ನಾಲ್ಕರಷ್ಟಾಗುತ್ತದೆ. ವೇಗದ ವರ್ಗಕ್ಕೆ ತಕ್ಕಂತೆ ಅದು ಏರುತ್ತದೆ. ತಿರುವಿನ ತ್ರಿಜ್ಯ ಹಿಗ್ಗಿದಷ್ಟೂ ಇಳಿಯುತ್ತದೆ. ಹಿಡಿತವನ್ನು ಹಿಗ್ಗಿಸಲಾಗದಿದ್ದರೆ ತ್ರಿಜ್ಯವನ್ನಾದರೂ ಹಿಗ್ಗಿಸಬಹುದಲ್ಲವೇ? ರೇಸಿಂಗ್ ಲೈನ್ ಎನ್ನುವುದು ಹುಟ್ಟುವುದು ಈ ಪ್ರಶ್ನೆಯಿಂದ.

ಒಂದು ಲಂಬಕೋನದ ತಿರುವು ಊಹಿಸಿಕೊಳ್ಳಿ. ರಸ್ತೆಯ ಅಗಲ 12 ಮೀಟರ್, ಒಳ ಅಂಚಿನ ತ್ರಿಜ್ಯ 30 ಮೀಟರ್. ರಸ್ತೆಯ ನಟ್ಟನಡುವೆ ಹೋದರೆ ಕಾರಿನ ದಾರಿಗೆ 36 ಮೀಟರ್ ತ್ರಿಜ್ಯ. ಅದರ ಬದಲು ಹೊರ ಅಂಚಿನಿಂದ ಹೊರಟು, ತಿರುವಿನ ಮಧ್ಯದಲ್ಲಿ ಒಳ ಅಂಚನ್ನು ಸವರಿ, ಮತ್ತೆ ಹೊರ ಅಂಚಿಗೆ ಹರಿದರೆ ಅದೇ ರಸ್ತೆಯಲ್ಲಿ 71 ಮೀಟರ್ ತ್ರಿಜ್ಯದ ಕಮಾನು ಸಿಗುತ್ತದೆ. ರೇಖಾಗಣಿತ ಕೊಡುವ ಉಡುಗೊರೆ ಇದು. ಒಳ್ಳೆಯ ಟೈರಿನ ಸಾಮಾನ್ಯ ಕಾರು ನಡುದಾರಿಯಲ್ಲಿ ಗಂಟೆಗೆ 68 ಕಿಲೋಮೀಟರಿಗೆ ಜಾರತೊಡಗುವುದಾದರೆ, ಈ ಕಮಾನಿನಲ್ಲಿ 95ರವರೆಗೂ ನಿಲ್ಲುತ್ತದೆ. ಚಾಲಕರು ಟ್ರ್ಯಾಕಿನ ಅಂಚಿನ ಬಣ್ಣದ ಕಲ್ಲುಗಳ ಮೇಲೆ ಚಕ್ರ ಹತ್ತಿಸುವುದನ್ನು ಟೀವಿಯಲ್ಲಿ ನೋಡಿರುತ್ತೀರಿ. ಅವರು ಅಂಗುಲ ಅಂಗುಲವಾಗಿ ತ್ರಿಜ್ಯವನ್ನು ಗಳಿಸುತ್ತಿರುತ್ತಾರೆ.

ಸ್ಪಾದ ಮೊದಲ ತಿರುವು ಲಾ ಸೂರ್ಸ್. ಬಲಕ್ಕೆ ಮಡಚಿಕೊಳ್ಳುವ, ಕೂದಲಪಿನ್ನಿನಂಥ ತಿರುವು; ಇಡೀ ಸುತ್ತಿನಲ್ಲಿ ಕಾರು ಅತಿ ನಿಧಾನವಾಗುವ ಜಾಗಗಳಲ್ಲೊಂದು. ಇಲ್ಲಿ ದೊಡ್ಡ ಕಮಾನಿನ ಆಸೆಯನ್ನೂ ಸ್ವಲ್ಪ ಬಿಟ್ಟುಕೊಡಬೇಕು. ಏಕೆಂದರೆ ಲಾ ಸೂರ್ಸ್ ದಾಟಿದ ಮೇಲೆ ಸುಮಾರು 2 ಕಿಲೋಮೀಟರ್ ದೂರ ಬ್ರೇಕಿನ ಮಾತೇ ಇಲ್ಲ. ತಿರುವಿನಿಂದ ಹೊರಬೀಳುವಾಗ ಗಳಿಸಿದ ವೇಗ ಆ ದೂರದ ಉದ್ದಕ್ಕೂ ಬಡ್ಡಿ ತರುತ್ತದೆ. ಹಾಗಾಗಿ ಅನುಭವಿಗಳು ಒಳ ಅಂಚನ್ನು ಬೇಗ ಮುಟ್ಟುವುದಿಲ್ಲ. ಒಂದಿಷ್ಟು ಆಳಕ್ಕೆ ಹೋಗಿ, ಕಾರಿನ ಮೂತಿಯನ್ನು ಹೊರದಾರಿಯತ್ತ ತಿರುಗಿಸಿಕೊಂಡು, ತಡವಾಗಿ ಒಳ ಅಂಚು ಸವರಿ, ಸ್ಟಿಯರಿಂಗ್ ನೇರವಾಗುತ್ತಿದ್ದಂತೆ ಆಕ್ಸಿಲರೇಟರ್ ಒತ್ತುತ್ತಾರೆ. ತಿರುವಿನೊಳಗೆ ಕಳೆದದ್ದು ಸೆಕೆಂಡಿನ ಒಂದು ಚೂರು, ಹೊರಗೆ ದಕ್ಕುವುದು ಅದಕ್ಕಿಂತ ಹೆಚ್ಚು.

ಈಗ ಇಳಿಜಾರು. ವೇಗ ಏರುತ್ತಿದ್ದಂತೆ ಗಾದೆಗೇ ಒಂದು ಹೊಸ ತಿರುವು ಬರುತ್ತದೆ: ಓಡಿದಷ್ಟೂ ಹಾಸಿಗೆ ಉದ್ದವಾಗತೊಡಗುತ್ತದೆ! ವಿಮಾನದ ರೆಕ್ಕೆ ಗಾಳಿಯನ್ನು ಬಳಸಿ ಮೇಲೇಳುತ್ತದೆ. ರೇಸ್ ಕಾರಿನ ರೆಕ್ಕೆಗಳನ್ನು ಮಗುಚಿ ಇಟ್ಟಿರುವುದರಿಂದ ಗಾಳಿ ಕಾರನ್ನು ನೆಲಕ್ಕೆ ಅದುಮುತ್ತದೆ. ಕಾರಿನ ತಳವೂ ಈ ಕೆಲಸದಲ್ಲಿ ದೊಡ್ಡ ಪಾಲು ಹೊರುತ್ತದೆ. ವೇಗ ಎರಡರಷ್ಟಾದರೆ ಅದುಮುವ ಬಲ ನಾಲ್ಕರಷ್ಟು. ಮರಳುಮೂಟೆ ಹೇರಿಯೂ ಟೈರನ್ನು ನೆಲಕ್ಕೆ ಒತ್ತಬಹುದಿತ್ತಲ್ಲ ಎನ್ನಬಹುದು. ಆದರೆ ಮೂಟೆಗೆ ತೂಕವಿದೆ, ಅದನ್ನೂ ತಿರುವಿನಲ್ಲಿ ಎಳೆದುಕೊಂಡು ಹೋಗಬೇಕು. ಗಾಳಿಯ ಒತ್ತಡಕ್ಕೆ ಆ ಹೊರೆ ಇಲ್ಲ. ದೊಡ್ಡ ವೇಗದಲ್ಲಿ ಈ ಬಲ ಕಾರಿನ ಸ್ವಂತ ತೂಕವನ್ನೂ ಮೀರಿಸುತ್ತದೆ. ಹಾಗಾಗಿಯೇ ರೆಕ್ಕೆಯಿಲ್ಲದ ಕಾರು ಜಾರಿಬಿಡುವಂಥ ವೇಗದಲ್ಲೂ ಈ ಕಾರು ಕೆಲವು ತಿರುವುಗಳನ್ನು ದಾಟಿಬಿಡುತ್ತದೆ. ಹೊಸ ಚಾಲಕರ ಮನಸ್ಸು ಒಪ್ಪಲು ಹಿಂಜರಿಯುವ ಸತ್ಯ ಇದು.

ಇಳಿಜಾರಿನ ಕೊನೆಗೆ ಓ ರೂಜ್. ಅಲ್ಲಿ ಹರಿಯುವ ತೊರೆಯ ಈ ಹೆಸರಿನ ಅರ್ಥ ಕೆಂಪು ನೀರು. ಹತ್ತಿರದ ಸ್ಪಾ ಪಟ್ಟಣದ ಖನಿಜ ಚಿಲುಮೆಗಳು ಜಗತ್ಪ್ರಸಿದ್ಧ. ಇಲ್ಲಿನ ಮಣ್ಣಿನ ಕಬ್ಬಿಣದ ಅಂಶವೇ ತೊರೆಯ ತಳವನ್ನು ಕೆಂಪಾಗಿಸಿದೆ. ಗಂಟೆಗೆ 300 ಕಿಲೋಮೀಟರಿನ ಆಸುಪಾಸಿನಲ್ಲಿ ಬಂದ ಕಾರು ತೊರೆಯ ಮೇಲೆ ಎಡಕ್ಕೆ ಹೊರಳಿ, ಥಟ್ಟನೆ ರೈದಿಯೋಂ ಎಂಬ ಕಡಿದಾದ ಏರನ್ನು ಬಲಕ್ಕೆ ಬಾಗುತ್ತ ಹತ್ತಿ, ನೆತ್ತಿಯಲ್ಲಿ ಮತ್ತೆ ಎಡಕ್ಕೆ ತಿರುಗುತ್ತದೆ. ಜೋಕಾಲಿಯಲ್ಲಿ ಕೂತವರನ್ನು ಕೇಳಿ: ಕೆಳಗಿನ ತುದಿಯಲ್ಲಿ ಮೈ ಭಾರ, ಮೇಲಿನ ತುದಿಯಲ್ಲಿ ಹಗುರ. ತೊರೆಯ ತಗ್ಗಿನಲ್ಲಿ ಕಾರು ನೆಲಕ್ಕೆ ಕುಸಿದು ಟೈರುಗಳಿಗೆ ಧಾರಾಳ ಹಿಡಿತ ಸಿಗುತ್ತದೆ. ನೆತ್ತಿ ತಲುಪಿದಾಗ ಕಾರು ಹಗುರಾಗಿ, ಅದೇ ಹಿಡಿತ ಕೈಬಿಡುತ್ತದೆ. ಆಚೆಗೆ ಏನಿದೆಯೆಂದು ಕಾಣದಿರುವ ಕ್ಷಣವೂ ಅದೇ. ಆದ್ದರಿಂದ ಸ್ಟಿಯರಿಂಗಿನ ಮುಖ್ಯ ಕೆಲಸವನ್ನು ತಗ್ಗಿನಲ್ಲೇ ಮುಗಿಸಿ, ನೆತ್ತಿಯನ್ನು ಆದಷ್ಟು ನೇರವಾಗಿ ದಾಟಬೇಕು.

ಈ ನೆತ್ತಿ ಜೀವಗಳನ್ನೂ ಬಲಿ ತೆಗೆದುಕೊಂಡಿದೆ. 2019ರ ಆಗಸ್ಟ್ 31ರಂದು ಫಾರ್ಮುಲಾ ಟು ಓಟದಲ್ಲಿ ಫ್ರಾನ್ಸಿನ ಆಂತ್ವಾನ್ ಉಬೇರ್ ರೈದಿಯೋಂ ದಾಟಿದ ಜಾಗದಲ್ಲಾದ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 22 ವರ್ಷ. 2022ರ ಹೊತ್ತಿಗೆ ಇಲ್ಲಿನ ಅಂಚಿನ ಬಯಲನ್ನು ಅಗಲಿಸಲಾಯಿತು. ಮಳೆ ಬಂದರಂತೂ ಹಾಸಿಗೆ ಒಮ್ಮೆಲೇ ಕುಗ್ಗುತ್ತದೆ. ಈ ಕಾಡಿನಲ್ಲಿ ಟ್ರ್ಯಾಕಿನ ಒಂದು ತುದಿ ಒಣಗಿದ್ದಾಗಲೇ ಇನ್ನೊಂದು ತುದಿಯಲ್ಲಿ ಮಳೆ ಸುರಿಯುವುದುಂಟು. 1966ರ ಓಟದ ಮೊದಲ ಸುತ್ತಿನಲ್ಲೇ ಅಂಥ ಮಳೆಗೆ ಸಿಕ್ಕ ಜಾಕಿ ಸ್ಟುವರ್ಟ್ ಮುರಿದ ಕಾರಿನೊಳಗೆ ಪೆಟ್ರೋಲಿನಲ್ಲಿ ನೆನೆದು ಸಿಕ್ಕಿಬಿದ್ದಿದ್ದರು. ಜೊತೆಯ ಚಾಲಕರು ಪ್ರೇಕ್ಷಕರೊಬ್ಬರ ಬಳಿ ಸ್ಪ್ಯಾನರ್ ಕೇಳಿ ಪಡೆದು ಅವರನ್ನು ಬಿಡಿಸಿದರು. ರೇಸಿಂಗ್ ಸುರಕ್ಷತೆಗಾಗಿ ಸ್ಟುವರ್ಟ್ ನಡೆಸಿದ ದೀರ್ಘ ಹೋರಾಟಕ್ಕೆ ಆ ದಿನವೇ ಬೀಜ.

ರೈದಿಯೋಂ ದಾಟಿದರೆ ಕೆಮೆಲ್ ಎಂಬ ನೇರ ದಾರಿ. ಅದರ ಕೊನೆಯಲ್ಲಿ, ಗಂಟೆಗೆ 320 ಕಿಲೋಮೀಟರ್ ಮೀರಿದ ವೇಗದಿಂದ, ಲೆ ಕೋಂಬ್ ತಿರುವಿಗಾಗಿ ಬ್ರೇಕು. ಒಂದೆರಡು ಸೆಕೆಂಡಿನಲ್ಲಿ ವೇಗ ಅರ್ಧಕ್ಕಿಳಿಯಬೇಕು. ಇಲ್ಲಿ ಚಾಲಕನ ಎಡಗಾಲನ್ನು ಹತ್ತಿರದಿಂದ ನೋಡೋಣ. ಮೊದಲ ಕ್ಷಣದಲ್ಲೇ ಅದು 100 ಕಿಲೋ ಮೀರಿದ ಒತ್ತಡದಲ್ಲಿ ಪೆಡಲನ್ನು ಗುದ್ದುತ್ತದೆ. ವೇಗ ಹೆಚ್ಚಿದೆ, ಗಾಳಿ ಅದುಮುತ್ತಿದೆ, ಹಾಸಿಗೆ ಉದ್ದವಿದೆ. ಆಗಲೇ ದೊಡ್ಡ ಖರ್ಚು ಮಾಡಿಬಿಡಬೇಕು. ಕಾರ್ಬನ್ ಬ್ರೇಕುಗಳು 1000 ಡಿಗ್ರಿ ಸೆಲ್ಸಿಯಸ್ ಸಮೀಪಿಸಿ ಕೆಂಡದಂತೆ ಹೊಳೆಯುತ್ತವೆ. ವೇಗ ಇಳಿದಂತೆ ಗಾಳಿಯ ಅದುಮು ಕ್ಷೀಣಿಸುತ್ತದೆ, ಕಾಲೂ ಅದಕ್ಕೆ ಸರಿಯಾಗಿ ಹಗುರಾಗಬೇಕು. ಫಾರ್ಮುಲಾ ಒನ್ ಕಾರಿಗೆ ಎಬಿಎಸ್ ಇಲ್ಲ. ಒತ್ತಡ ಒಂದು ಚೂರು ಹೆಚ್ಚಾಗಿ ಉಳಿದರೆ ಚಕ್ರ ಕಚ್ಚಿಕೊಂಡು ಟೈರು ನೀಲಿ ಹೊಗೆ ಕಾರುತ್ತದೆ.

ಕಾಲು ಪೂರ್ತಿ ಮೇಲೆ ಬರುವ ಮುನ್ನವೇ ಕೈ ತಿರುಗಲು ಶುರುಮಾಡುತ್ತದೆ. ಬ್ರೇಕು ಬಿಟ್ಟುಕೊಟ್ಟ ಹಿಡಿತವನ್ನು ಸ್ಟಿಯರಿಂಗ್ ಅಷ್ಟಷ್ಟಾಗಿ ಎತ್ತಿಕೊಳ್ಳುತ್ತದೆ, ತಕ್ಕಡಿಯ ಒಂದು ತಟ್ಟೆ ಇಳಿದಂತೆ ಇನ್ನೊಂದು ಏರುವ ಹಾಗೆ. ಉಳಿದ ಬ್ರೇಕಿನಿಂದ ಕಾರಿನ ಭಾರ ಮುಂದಕ್ಕೆ ವಾಲಿರುತ್ತದೆ, ಅದು ಮುಂದಿನ ಟೈರುಗಳನ್ನು ಒತ್ತಿ ಮೂತಿ ಸಲೀಸಾಗಿ ತಿರುಗಲು ನೆರವಾಗುತ್ತದೆ. ಇಳಿಜಾರಿನ ಬ್ರುಸೆಲ್ ತಿರುವಿನಲ್ಲಿ, ಆಮೇಲೆ ಎಡಕ್ಕೆ ಉದ್ದಕ್ಕೂ ಬಾಗುವ ವೇಗದ ಪೂಹೋಂನಲ್ಲಿ, ಒಳ್ಳೆಯ ಚಾಲಕರಿಗೂ ಅತ್ಯುತ್ತಮ ಚಾಲಕರಿಗೂ ಇರುವ ಅಂತರ ಈ ಕೊಡುಕೊಳ್ಳುವಿಕೆಯ ನಯದಲ್ಲಿದೆ.

ಹಾಗಾದರೆ ದೊಡ್ಡ ರೆಕ್ಕೆ ಇಟ್ಟು ಹಿಡಿತವನ್ನು ಇನ್ನಷ್ಟು ಹೆಚ್ಚಿಸಬಹುದಲ್ಲ? ಹೆಚ್ಚಿಸಬಹುದು, ಆದರೆ ದೊಡ್ಡ ರೆಕ್ಕೆ ಗಾಳಿಗೆ ಅಡ್ಡ ನಿಂತು ನೇರ ದಾರಿಯಲ್ಲಿ ವೇಗ ಕೀಳುತ್ತದೆ. ಸ್ಪಾದ ಆರಂಭ ಮತ್ತು ಕೊನೆಯ ಭಾಗಗಳಿಗೆ ಸಣ್ಣ ರೆಕ್ಕೆ ಹಿತ, ನಡುವಿನ ತಿರುವುಗಳಿಗೆ ದೊಡ್ಡದು. ಈ ಇಕ್ಕಟ್ಟಿನ ನಡುವೆಯೇ 2009ರಲ್ಲಿ ಒಂದು ಅಚ್ಚರಿ ನಡೆಯಿತು. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಹುಟ್ಟುಹಾಕಿದ ಫೋರ್ಸ್ ಇಂಡಿಯಾ ತಂಡ ಅಲ್ಲಿಯವರೆಗೆ ಒಂದು ಅಂಕವನ್ನೂ ಗಳಿಸಿರಲಿಲ್ಲ. ಅದರ ಕಾರು ಗಾಳಿಯನ್ನು ಸುಲಭವಾಗಿ ಸೀಳುತ್ತಿತ್ತು. ಜಾನ್‌ಕಾರ್ಲೋ ಫಿಸಿಕೆಲ್ಲಾ ಆ ಕಾರಿನಲ್ಲಿ ಸ್ಪಾದ ಅರ್ಹತಾ ಸುತ್ತನ್ನು ಗೆದ್ದು ಮೊದಲ ಸ್ಥಾನದಿಂದ ಹೊರಟರು. ಮರುದಿನದ ಓಟದಲ್ಲಿ ಫೆರಾರಿಯ ಕಿಮಿ ರೈಕ್ಕೊನೆನ್ ಅವರಿಗಿಂತ ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ ಎರಡನೆಯವರಾದರು. ಸರಿಯಾದ ಟ್ರ್ಯಾಕಿನಲ್ಲಿ ಸರಿಯಾದ ಲೆಕ್ಕ ಬಿದ್ದರೆ ಚಿಕ್ಕ ತಂಡವೂ ದೊಡ್ಡವರ ಮುಂದೆ ನಿಲ್ಲಬಹುದೆಂದು ತೋರಿಸಿದ ವಾರವದು.

ಈ ಲೆಕ್ಕವನ್ನೆಲ್ಲ ಮಾಡುವ ದೇಹದ ಪಾಡು ಕೇಳಿ. ವೇಗದ ತಿರುವುಗಳಲ್ಲಿ ತಲೆ ಮತ್ತು ಹೆಲ್ಮೆಟ್ ಸೇರಿ 30 ಕಿಲೋ ಮೂಟೆಯಂತೆ ಪಕ್ಕಕ್ಕೆ ಎಳೆಯುತ್ತವೆ. ಕುತ್ತಿಗೆ ಅದನ್ನು ತಡೆಯಬೇಕು. ಗಂಟೆಗೆ 300 ಕಿಲೋಮೀಟರ್ ಎಂದರೆ ಸೆಕೆಂಡಿಗೆ 83 ಮೀಟರ್. ಕಣ್ಣೆವೆ ಮುಚ್ಚಿ ತೆರೆಯಲು ಸೆಕೆಂಡಿನ ಐದನೇ ಒಂದು ಭಾಗ ಹಿಡಿದರೂ ಸುಮಾರು 17 ಮೀಟರ್ ಕುರುಡು ಓಟ. ಜಪಾನಿನ ಸಂಶೋಧಕರು ಫಾರ್ಮುಲಾ ಕಾರಿನ ಮೂವರು ಚಾಲಕರ ಹೆಲ್ಮೆಟ್ಟಿಗೆ ಕಣ್ಣಿನ ಚಲನೆ ಅಳೆಯುವ ಸಾಧನ ಅಳವಡಿಸಿ ನೋಡಿ, 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಚಾಲಕರು ಸುತ್ತು ಸುತ್ತಿಗೂ ಹೆಚ್ಚುಕಡಿಮೆ ಅವೇ ಜಾಗಗಳಲ್ಲಿ ಎವೆಯಿಕ್ಕುತ್ತಿದ್ದರು. ವೇಗವೋ ದಿಕ್ಕೋ ಬದಲಾಗುವಾಗ ಎವೆ ತಡೆದುಕೊಂಡು, ಅಪಾಯ ಕಡಿಮೆಯಿರುವ ನೇರ ದಾರಿಯಲ್ಲಿ ಮಿಟುಕಿಸುತ್ತಿದ್ದರು. ರೆಪ್ಪೆ ಮುಚ್ಚುವ ಬಿಡುವನ್ನೂ ದೇಹ ತಾನೇ ಲೆಕ್ಕ ಹಾಕಿ ಖರ್ಚು ಮಾಡುತ್ತದೆ.

ಬ್ಲಾಂಶಿಮೋಂನ ವೇಗದ ಎಡ ತಿರುವು ಮುಗಿದರೆ ಉಳಿಯುವುದು ಬಸ್ ಸ್ಟಾಪ್ ಎಂಬ ಅಂಕುಡೊಂಕು. ಇದು ಊರಿನ ರಸ್ತೆಯೇ ಆಗಿದ್ದ ಕಾಲದ ಬಸ್ ನಿಲ್ದಾಣ ಬಿಟ್ಟುಹೋದ ಹೆಸರು. ಮತ್ತೆ ಗಟ್ಟಿ ಬ್ರೇಕು, ಬಲಕ್ಕೆ, ಎಡಕ್ಕೆ, ಗೆರೆ ದಾಟಿ ಗಡಿಯಾರ ನಿಲ್ಲುತ್ತದೆ.

ಈ ಸುತ್ತಿನ ಪಾಠ ನಮ್ಮ ಸ್ಕೂಟರಿಗೂ ಬೇಕು. ನಮ್ಮದಕ್ಕೆ ಗಾಳಿಯ ಅದುಮು ಇಲ್ಲ. ವೇಗ ಹೆಚ್ಚಿದರೆ ಕಾಲು ಉದ್ದವಾಗುತ್ತದೆಯೇ ಹೊರತು ಹಾಸಿಗೆಯಲ್ಲ. ಮೊದಲ ಮಳೆ ಬಿದ್ದ ರಸ್ತೆಯಲ್ಲಿ, ತಿರುವಿನಲ್ಲಿ ಚೆಲ್ಲಿದ ಮರಳಿನ ಮೇಲೆ ಆ ಹಾಸಿಗೆ ಮಗುವಿನ ತೊಟ್ಟಿಲಿನಷ್ಟಾಗಿರುತ್ತದೆ. ಅಲ್ಲಿ ವಾಲಿಕೊಂಡೇ ಬ್ರೇಕು ಹಿಡಿದಾಗ ಜಾರುವುದು ಹಣೆಬರಹದಿಂದಲ್ಲ, ಒಂದೇ ಗಂಟಿಗೆ ಎರಡು ಕಡೆಯಿಂದ ಕೈ ಹಾಕಿದ್ದರಿಂದ. ಬ್ರೇಕಿನ ಕೆಲಸವನ್ನು ನೇರ ದಾರಿಯಲ್ಲೇ ಮುಗಿಸಿ, ಆಮೇಲೆ ತಿರುಗಿ. ಲಾ ಸೂರ್ಸ್‌ನಲ್ಲಿ ಜಗತ್ತಿನ ಅತಿ ವೇಗದ ಚಾಲಕರೂ ನಿಧಾನವಾಗಿಯೇ ತಿರುಗುತ್ತಾರೆ.