ಕಮಾನಿಲ್ಲದೆ ನಿಂತ ಕಲ್ಲು: ತಿಳವಳ್ಳಿ ಗುಡಿಯಿಂದ ನಾರ್ಮನ್ ಚರ್ಚಿನವರೆಗೆ

ಇವತ್ತು ಹಾವೇರಿ ಜಿಲ್ಲೆಯ ಹಾನಗಲ್ ತಾಲ್ಲೂಕಿಗೆ ಹೋಗೋಣ. ಊರು ತಿಳವಳ್ಳಿ. ಅಲ್ಲಿ 13ನೇ ಶತಮಾನದ, ಸೇವುಣರ ಕಾಲದ ಶಾಂತೇಶ್ವರ ಗುಡಿ ಇದೆ. ಆದರೆ ಅದಕ್ಕೂ ಮೊದಲು ಒಂದು ಸುತ್ತು ಇಂಗ್ಲೆಂಡಿಗೆ ಹೋಗಿ ಬರಬೇಕು. ಯಾಕೆ ಅಂತ ಆಮೇಲೆ ಗೊತ್ತಾಗುತ್ತೆ.

1066ರಲ್ಲಿ ಫ್ರಾನ್ಸಿನ ಉತ್ತರ ಭಾಗದಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಆಮೇಲಿನ ನೂರು ವರ್ಷದಲ್ಲಿ ಹಳ್ಳಿ ಹಳ್ಳಿಗೂ ಕಲ್ಲಿನ ಚರ್ಚು ಎದ್ದವು. ಅವನ್ನು ಗುರುತಿಸುವುದು ಸುಲಭ: ಅರ್ಧಚಂದ್ರದ ಹಾಗೆ ದುಂಡಗಿನ ಕಮಾನು, ದಪ್ಪ ಗೋಡೆ, ಸಣ್ಣ ಕಿಟಕಿ. ಅದೇ ಹೊತ್ತಿಗೆ ನಮ್ಮಲ್ಲಿ ಕಲ್ಯಾಣ ಚಾಲುಕ್ಯರ ಕಾಲ. 1112ರಲ್ಲಿ ಇಟಗಿಯ ಮಹಾದೇವ ದೇವಾಲಯ ಕಟ್ಟಿದಾಗ, ಅಲ್ಲಿ ಡರ್ಹಮ್ ಕ್ಯಾಥೆಡ್ರಲ್‌ ಕೆಲಸ ಇನ್ನೂ ನಡೀತಿತ್ತು. ಇಬ್ಬರ ಕೈಯಲ್ಲೂ ಕಲ್ಲೇ, ಇಬ್ಬರಿಗೂ ಒಂದೇ ತಲೆನೋವು: ಮೇಲಿನ ಭಾರವನ್ನು ಕೆಳಗಿಳಿಸೋದು ಹೇಗೆ?

ನಾರ್ಮನ್ನರ ಉತ್ತರ ಕಮಾನು. ಮೊದಲು ಮರದ ಅಚ್ಚು ನಿಲ್ಲಿಸಿ, ಅದರ ಮೇಲೆ ಬೆಣೆಯಂಥ ಕಲ್ಲುಗಳನ್ನು ಎರಡೂ ಕಡೆಯಿಂದ ಜೋಡಿಸಿಕೊಂಡು ಬರ್ತಾರೆ. ನಡುವಿನ ಕಲ್ಲು ಕೂತ ಮೇಲೆ ಅಚ್ಚು ತೆಗೆದರೂ ಕಮಾನು ನಿಲ್ಲುತ್ತೆ. ಆದರೆ ಅದು ಸುಮ್ಮನೆ ನಿಲ್ಲಲ್ಲ, ಪಕ್ಕಕ್ಕೆ ತಳ್ಳುತ್ತೆ. ಬಗ್ಗಿ ನಿಂತವರ ಕಾಲು ಜಾರುವ ಹಾಗೆ. ಆ ತಳ್ಳಾಟ ತಡೆಯೋಕೆ ದಪ್ಪ ಗೋಡೆ ಬೇಕು. ದೊಡ್ಡ ಕಿಟಕಿ ಕೊರೆದರೆ ಗೋಡೆ ಸೋಲುತ್ತೆ. ಅದಕ್ಕೇ ಒಳಗೆ ಅಷ್ಟು ಕತ್ತಲು. ದಪ್ಪ ಇದ್ದ ಮಾತ್ರಕ್ಕೆ ಗಟ್ಟಿ ಅಂತಲೂ ಅಲ್ಲ: ವಿಂಚೆಸ್ಟರ್‌ ಕ್ಯಾಥೆಡ್ರಲ್‌ನ ನಡುಗೋಪುರ 1107ರಲ್ಲಿ ಕುಸಿದೇ ಬಿತ್ತು.

ನಮ್ಮವರು ಕಮಾನಿನ ಗೋಜಿಗೇ ಹೋಗಲಿಲ್ಲ. ಕಂಬ ನಿಲ್ಲಿಸು, ಮೇಲೆ ತೊಲೆ ಇಡು, ಅದರ ಮೇಲೆ ಚಪ್ಪಡಿ ಹಾಸು. ಭಾರ ನೆಟ್ಟಗೆ ಕೆಳಗಿಳಿಯುತ್ತೆ, ಪಕ್ಕಕ್ಕೆ ತಳ್ಳೋದೇ ಇಲ್ಲ. ಹಾಗಾಗಿ ಮಂಟಪದ ಸುತ್ತ ಗೋಡೆಯೇ ಬೇಡ, ಗಾಳಿ ಬೆಳಕು ಧಾರಾಳ. ಆದರೆ ಇದಕ್ಕೂ ಬೆಲೆ ಇದೆ. ಕಲ್ಲು ಒತ್ತಡ ತಾಳುತ್ತೆ, ಬಾಗಿದರೆ ತಾಳಲ್ಲ. ಉದ್ದದ ಕಲ್ಲುತೊಲೆಯ ಅಡಿಭಾಗ ಬಿರುಕು ಬಿಡುತ್ತೆ. ಅದಕ್ಕೇ ಕಂಬಗಳು ಹತ್ತಿರ ಹತ್ತಿರ. ಗುಡಿಯೊಳಗೆ ಫೋಟೋ ತೆಗೆಯೋವಾಗ ಕಂಬ ಅಡ್ಡ ಬರುತ್ತೆ ಅಂತ ಗೊಣಗ್ತೀವಲ್ಲ, ಕಾರಣ ಇದು.

ಕಂಬ ಕಮ್ಮಿ ಮಾಡಿ ದೊಡ್ಡ ಜಾಗ ಮುಚ್ಚಬೇಕು ಅಂದ್ರೆ? ಅದೇ ತಾಲ್ಲೂಕಿನ ಹಾನಗಲ್ಲಿಗೆ ಬನ್ನಿ. ತಾರಕೇಶ್ವರ ಗುಡಿಯ ಮಂಟಪದಲ್ಲಿ ಕತ್ತೆತ್ತಿ ನೋಡಿದರೆ ಎಂಟು ಮೂಲೆಯ ಛತ್ತು, ನಡುವೆ ಕೆಳಗೆ ಇಳಿಬಿದ್ದ ಕಮಲ. ನನ್ನ ಮಟ್ಟಿಗೆ ಆ ಜಿಲ್ಲೆಯಲ್ಲಿ ಇದಕ್ಕಿಂತ ದೊಡ್ಡ ಅಚ್ಚರಿ ಇಲ್ಲ. ಕಲ್ಲಿನ ಬಳೆ, ಅದರ ಮೇಲೆ ಸ್ವಲ್ಪ ಒಳಕ್ಕೆ ಚಾಚಿದ ಇನ್ನೊಂದು ಚಿಕ್ಕ ಬಳೆ, ಹೀಗೆ ಮೇಲೆ ಹೋಗ್ತಾ ಬಾಯಿ ಕಿರಿದಾಗುತ್ತೆ. ಮೇಜಿನ ಅಂಚಿನಿಂದ ಪುಸ್ತಕ ಹೊರಗೆ ಚಾಚಿ, ಹಿಂದಿನ ತುದಿ ಮೇಲೆ ಭಾರ ಇಟ್ಟರೆ ಅದು ಬೀಳಲ್ಲ, ನೋಡಿ. ಅದೇ ಲೆಕ್ಕ. ಚಾವಣಿಯ ಮೇಲಿನ ಭಾರವೇ ಕೆಳಗಿನ ಕಲ್ಲನ್ನು ಹಿಡಿದಿರುತ್ತೆ.

ಇಲ್ಲೇ ನನಗೆ ಭಯ. ಈ ಕಲ್ಲುಗಳ ನಡುವೆ ಗಾರೆ ಇಲ್ಲ, ತೂಕವೇ ಗಾರೆ. ನಿಧಿ ಆಸೆಗೆ ಯಾರೋ ಪಾಯ ಅಗೆದರೆ, ಒಂದು ಕಂಬ ಬೆರಳಷ್ಟು ಕುಸಿದರೂ ಮೇಲಿನ ತೊಲೆ ಸೀಳಬಹುದು. ಸಂದಿಯಲ್ಲಿ ಹಕ್ಕಿ ಉದುರಿಸಿದ ಅರಳಿ ಬೀಜ ಮೊಳೆತರೆ, ಬೇರು ದಪ್ಪಗಾಗ್ತಾ ಕಲ್ಲನ್ನು ಜರುಗಿಸುತ್ತೆ. ಆ ಗಿಡವನ್ನು ನೀವೇ ಕಿತ್ತು ಹಾಕೋಕೆ ಹೋಗಬೇಡಿ. ಬೇರಿನ ಜೊತೆ ಕಲ್ಲೂ ಸಡಿಲ ಆಗುತ್ತೆ. ತಿಳವಳ್ಳಿ ಗುಡಿ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಧಾರವಾಡ ವಲಯಕ್ಕೆ ಸೇರುತ್ತೆ. ಗಿಡ ಕಂಡರೆ ಯಾವ ಕಂಬ, ಯಾವ ದಿಕ್ಕು ಅಂತ ಗೊತ್ತಾಗುವ ಹಾಗೆ ಒಂದು ಹತ್ತಿರದ ಫೋಟೋ, ಒಂದು ದೂರದ ಫೋಟೋ ತೆಗೆದು ಅವರಿಗೇ ಕಳಿಸಿ.