ತಾನಾಗಿ ಆರುವ ಹಳೆಯ ಕಂಪ್ಯೂಟರು

ಕೂಲಿ ಪಟ್ಟಿ, ಗೊಬ್ಬರದ ಖರ್ಚು, ಅಡಿಕೆ-ಕಾಫಿ ಮಾರಾಟದ ಬಿಲ್ಲುಗಳನ್ನು ಹತ್ತು ಹದಿನೈದು ವರ್ಷ ಹಳೆಯ ಕಂಪ್ಯೂಟರಿನಲ್ಲಿಯೇ ಇಟ್ಟುಕೊಂಡಿರುವ ಬೆಳೆಗಾರರು ನಮ್ಮಲ್ಲಿ ಅನೇಕರಿದ್ದಾರೆ. ಅದು ಕೆಲಸದ ನಡುವೆ ತಟಕ್ಕನೆ ಆರಿ ತಾನಾಗಿ ಮತ್ತೆ ಶುರುವಾಗತೊಡಗಿದರೆ, ಗುಜರಿಗೆ ಹಾಕುವ ಮೊದಲು ಅದು ಯಾವಾಗ ಆರುತ್ತದೆಂಬುದನ್ನು ಗಮನಿಸಬೇಕು. ದೋಷದ ಮೂಲ ಬಹುಮಟ್ಟಿಗೆ ಅದರಿಂದಲೇ ತಿಳಿಯುತ್ತದೆ. ಯಂತ್ರ ಇನ್ನೂ ಏಳುತ್ತಿರುವಾಗಲೇ ಲೆಕ್ಕಪತ್ರವನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿರಿ. ರಿಪೇರಿ ಆಮೇಲೆ.

ತೋಟದ ಪಂಪು ಚಾಲೂ ಆದ ಕ್ಷಣದಲ್ಲೇ ಆರುವುದಾದರೆ ಕಂಪ್ಯೂಟರಿನ ತಪ್ಪೇನೂ ಇರಲಾರದು, ವೋಲ್ಟೇಜು ಕುಸಿದಿದೆ. ಯು.ಪಿ.ಎಸ್. ಇದ್ದೂ ಹೀಗಾದರೆ ಅದರ ಬ್ಯಾಟರಿಯನ್ನು ಪರೀಕ್ಷಿಸಬೇಕು. ಸಣ್ಣ ಯು.ಪಿ.ಎಸ್.ಗಳ 12 ವೋಲ್ಟಿನ ಬ್ಯಾಟರಿ ಮೂರು ವರ್ಷ ದಾಟುವುದು ಅಪರೂಪ. ಮನೆಯ ಇನ್ವರ್ಟರನ್ನೇ ನಂಬಿದವರು ಅದರ ಹಿಂಬದಿಯ ಗುಂಡಿ 'ಯು.ಪಿ.ಎಸ್.' ಕಡೆಗಿದೆಯೇ ಎಂದು ನೋಡಿಕೊಳ್ಳಬೇಕು. ಇಲ್ಲವಾದರೆ ಕರೆಂಟು ಹೋದಾಗ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಕಂಪ್ಯೂಟರು ಆರಿರುತ್ತದೆ.

ಹತ್ತು ಹದಿನೈದು ನಿಮಿಷ ಓಡಿ ಆರಿದರೆ ಅದು ಕಾವಿನ ಲಕ್ಷಣ. ಪ್ಲಗ್ ಕಿತ್ತು, ಪಕ್ಕದ ಮುಚ್ಚಳ ಬಿಚ್ಚಿ, ಫ್ಯಾನಿನ ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಅಡಿಕೆ ಸುಲಿಯುವ ಜಗಲಿಯಲ್ಲಿ ಕಂಪ್ಯೂಟರ್ ಇಟ್ಟವರಿಗೆ ಈ ಕೆಲಸ ವರ್ಷಕ್ಕೆರಡು ಸಲ ತಪ್ಪಿದ್ದಲ್ಲ. ಮುಚ್ಚಳ ತೆರೆದಾಗಲೇ ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಡಬ್ಬಿಗಳಂಥ ಕೆಪಾಸಿಟರುಗಳನ್ನೂ ನೋಡಿರಿ. ತಲೆ ಚಪ್ಪಟೆಯಾಗಿರಬೇಕು. ಉಬ್ಬಿದ್ದರೆ, ಕಂದು ರಸ ಸೋರಿದ್ದರೆ ಕೆಟ್ಟಿವೆಯೆಂದೇ ಅರ್ಥ.

ಸದ್ದಿಲ್ಲದೆ ನಷ್ಟ ತರುವ ದೋಷ ಇನ್ನೊಂದಿದೆ. ಪ್ರತಿ ಸಲ ಶುರುವಾದಾಗ ತಾರೀಖು ಹಲವು ವರ್ಷ ಹಿಂದಕ್ಕೆ ಹೋಗಿರುತ್ತದೆ. ಬಿಲ್ಲಿಗೂ ಕೂಲಿ ಪಟ್ಟಿಗೂ ಅದೇ ತಾರೀಖು ಬೀಳುತ್ತದೆ. ಬ್ಯಾಂಕಿನ ಜಾಲತಾಣವೂ ತೆರೆಯದೆ ಹೋಗಬಹುದು. ಕಾರಣ, ಬೋರ್ಡಿನ ಮೇಲಿರುವ ನಾಣ್ಯದಾಕಾರದ 3 ವೋಲ್ಟಿನ ಸೆಲ್ಲು ಮುಗಿದಿರುವುದು. ಸಾಮಾನ್ಯವಾಗಿ ಅದರ ಮೇಲೆ ಸಿ.ಆರ್. 2032 ಎಂದು ಬರೆದಿರುತ್ತದೆ. ವಾಚಿನ ಅಂಗಡಿಯಲ್ಲೂ ಸಿಗುವ ಅಗ್ಗದ ವಸ್ತು. ಹಳೆಯದು ಇದ್ದ ಮಗ್ಗುಲಲ್ಲೇ ಹೊಸದನ್ನು ಕೂರಿಸಿ ತಾರೀಖು ಸರಿಪಡಿಸಿದರಾಯಿತು.

ಗುಂಡಿ ಒತ್ತಿದರೂ ಫ್ಯಾನೇ ತಿರುಗದಿದ್ದರೆ ಮೊದಲು ಬೇರೆ ಪ್ಲಗ್ಗು, ಬೇರೆ ವೈರು ಹಾಕಿ ನೋಡಿರಿ. ಆಮೇಲೆ ಸಂಶಯ ಪಡಬೇಕಾದ್ದು ಕರೆಂಟು ಹಂಚುವ ಲೋಹದ ಪೆಟ್ಟಿಗೆಯನ್ನು, ಅಂದರೆ ಎಸ್.ಎಂ.ಪಿ.ಎಸ್. ಅನ್ನು. ಯಂತ್ರ ಓಡುವಾಗ ಅದರ ಹಳದಿ ತಂತಿಯಲ್ಲಿ 12, ಕೆಂಪಿನಲ್ಲಿ 5 ವೋಲ್ಟ್ ಬರಬೇಕು, ಹಳದಿಯಲ್ಲಿ 11.4ಕ್ಕಿಂತ ಕೆಳಗಿಳಿದರೆ ಬದಲಿಸುವುದೇ ಸರಿ. ಮೀಟರು ಹಿಡಿಯಬಲ್ಲವರಿಂದಲೇ ಇದನ್ನು ನೋಡಿಸಿರಿ. ಪೆಟ್ಟಿಗೆಯನ್ನು ಮಾತ್ರ ಯಾರೂ ಮನೆಯಲ್ಲಿ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು. ಹೊಸದು ಕೊಳ್ಳುವಾಗ ಹಳೆಯದನ್ನು ಅಂಗಡಿಗೆ ಒಯ್ಯಿರಿ, ಕೆಲವು ಕಂಪೆನಿಗಳ ಯಂತ್ರಕ್ಕೆ ಪ್ಲಗ್ಗಿನ ಆಕಾರವೇ ಬೇರೆ.